ಲ್ಯಾಬಿನಲ್ಲಿ ಬಂಧ, ನಿರ್ಜರೆ

ಮೂಡುಬಿದಿರೆಗೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ನಮ್ಮ ಲ್ಯಾಬಿನ ಯಂತ್ರಗಳೆಲ್ಲ ಒಂದು ಕಂಪನಿಯವರು ಬಳಸಿ ಮುಗಿಸಿ ದಾನ ಕೊಟ್ಟವು. ಮಕ್ಕಳು ಅವುಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಪ್ರತಿಯೊಂದರ ಒಳಗೂ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಇನ್ನೊಂದು ಕಂಪ್ಯೂಟರನ್ನು ನಡೆಸುತ್ತಿರುತ್ತದೆ. ಮಗುವಿನ ಕೈಗೆ ಸಿಗುವುದು ಆ ಒಳಗಿನದು. ತನಗೆ ಸ್ವಂತ ಡಿಸ್ಕ್ ಇದೆ, ಸ್ವಂತ ಮೆಮೊರಿ ಇದೆ ಎಂದೇ ಅದರ ಎಣಿಕೆ. ಹೊರಗಿನಿಂದ ನೋಡಿದರೆ ಆ ಡಿಸ್ಕ್ ಒಂದು ದೊಡ್ಡ ಫೈಲು, ಅಷ್ಟೆ. ವಿದ್ಯೆ ಹೊಸದಲ್ಲ. ಒಂದೇ ದೊಡ್ಡ ಯಂತ್ರವನ್ನು ಹಲವರಿಗೆ ಹಂಚುವಾಗ ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮದೇ ಅನ್ನಿಸುವಂತೆ ಐಬಿಎಂನವರು 1960ರ ದಶಕದಲ್ಲೇ ಮಾಡಿದ್ದರು.

ಜೂನ್ ತಿಂಗಳಲ್ಲಿ ನಾನು ಒಂದು ಮೂಲ ಪ್ರತಿ ಕಟ್ಟುತ್ತೇನೆ. ಉಬುಂಟು, ಕನ್ನಡ ಕೀಲಿಮಣೆ, ಲಿಬ್ರೆಆಫೀಸ್, ಸ್ಕ್ರ್ಯಾಚ್, ಪೈಥಾನ್, ಜಿಯೋಜೀಬ್ರಾ ಎಲ್ಲವೂ ಅದರಲ್ಲಿ. ದಾನದ ಯಂತ್ರಗಳಲ್ಲಿ ವರ್ಚುವಲೈಸೇಷನ್ ಸೌಲಭ್ಯ ಬಯಾಸ್‌ನಲ್ಲಿ ಮುಚ್ಚಿಕೊಂಡೇ ಬಂದಿರುತ್ತದೆ. ಒಂದೊಂದಕ್ಕೂ ಹೋಗಿ ತೆರೆಯಬೇಕು. ಆಮೇಲೆ ಮೂಲ ಪ್ರತಿಯನ್ನು ಎಲ್ಲ ಯಂತ್ರಗಳಿಗೂ ನಕಲು ಮಾಡುತ್ತೇನೆ. ಅಲ್ಲಿಂದ ಮುಂದೆ ಆ ಫೈಲಿನಲ್ಲಿ ಯಾರೂ ಬರೆಯುವುದಿಲ್ಲ, ಓದುವುದು ಮಾತ್ರ. ಮಗು ಏನು ಬದಲಿಸಿದರೂ ಆ ಬದಲಾವಣೆ ಪಕ್ಕದ ಇನ್ನೊಂದು ಫೈಲಿಗೆ ಹೋಗಿ ಕೂರುತ್ತದೆ. ಪರದೆಯ ಮೇಲೆ ಕಾಣುವುದು ಮೂಲ ಮತ್ತು ಅದರ ಮೇಲೆ ಕೂತ ಬದಲಾವಣೆ, ಎರಡೂ ಸೇರಿದ ರೂಪ. ಬದಲಾವಣೆಯ ಫೈಲನ್ನು ಎಸೆದರೆ ಜೂನ್ ತಿಂಗಳ ಯಂತ್ರ ಹಾಗೇ ಎದ್ದು ಬರುತ್ತದೆ. ಮೊದಮೊದಲು ಸಂಜೆ ಯಂತ್ರ ಮುಚ್ಚಿದೊಡನೆ ಆ ಫೈಲು ತಾನಾಗಿಯೇ ಅಳಿಯುವಂತೆ ಮಾಡಿದ್ದೆ.

ಜೈನ ಮನೆಯಲ್ಲಿ ಬೆಳೆದವಳಿಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ನಮ್ಮಲ್ಲಿ ಕರ್ಮವೆಂದರೆ ಲೆಕ್ಕದ ಪುಸ್ತಕವಲ್ಲ, ದೇವರ ತೀರ್ಪೂ ಅಲ್ಲ. ಅದು ಪುದ್ಗಲ, ಅತಿ ಸೂಕ್ಷ್ಮವಾದ ದ್ರವ್ಯ. ಜೀವ ಸ್ವಭಾವದಿಂದ ಶುದ್ಧ, ಅನಂತಜ್ಞಾನಿ. ಅದರ ಮೇಲೆ ಈ ದ್ರವ್ಯ ಬಂದು ಕಟ್ಟಿಕೊಂಡಿರುವುದರಿಂದ ನಾವು ಹೀಗಿದ್ದೇವೆ. ಬರುವುದು ಆಸ್ರವ, ಕಟ್ಟುವುದು ಬಂಧ, ತಡೆಯುವುದು ಸಂವರ, ಕಳಚುವುದು ನಿರ್ಜರೆ. ಕರ್ಮದ ಈ ಲೆಕ್ಕಾಚಾರವನ್ನೆಲ್ಲ ವಿಸ್ತಾರವಾಗಿ ಬಿಡಿಸುವ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆ ಉಳಿದದ್ದು ನಮ್ಮ ಮೂಡುಬಿದಿರೆಯ ಬಸದಿಯ ತಾಳೆಗರಿಗಳಲ್ಲೇ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಜನ ಅದನ್ನು ದರ್ಶನ ಮಾಡಿದರೇ ಹೊರತು ಓದಲಿಲ್ಲ. ನಕಲು ಹೊರಗೆ ಹೋಗಿ 1939ರಿಂದ ಅಚ್ಚಾಗತೊಡಗಿದ ಮೇಲೆ ಅದು ವಿದ್ವಾಂಸರ ಕೈಗೆ ಬಂತು. ಮೂಲವನ್ನು ಮುಟ್ಟದೆ ಕಾಯುವುದು, ನಕಲನ್ನು ಧಾರಾಳವಾಗಿ ಬಳಸುವುದು ನಮ್ಮೂರು ತಡವಾಗಿಯಾದರೂ ಕಲಿತ ಕ್ರಮ.

ಮೂಲ ಪ್ರತಿಯೇ ಜೀವ, ಬದಲಾವಣೆಯ ಫೈಲೇ ಕರ್ಮ ಎಂದುಬಿಡುವುದು ಸುಲಭ. ಹಾಗಿದ್ದರೆ ಪ್ರತಿ ಸಂಜೆ ನಮ್ಮ ಲ್ಯಾಬಿನಲ್ಲಿ ಸಾಮೂಹಿಕ ಮೋಕ್ಷವೇ ಆಗಬೇಕಿತ್ತು. ಇದು ಎಲ್ಲಿ ಮುರಿದು ಬೀಳುತ್ತದೆ ಎನ್ನುವುದೇ ನನಗೆ ಮುಖ್ಯವಾದ ಪ್ರಶ್ನೆ. ಶಾಲೆಯಲ್ಲಿ ಅದು ದಿನನಿತ್ಯದ ಪ್ರಶ್ನೆಯೂ ಹೌದು.

ಮೊದಲು ಒಳ್ಳೆಯದನ್ನು ಹೇಳಬೇಕು. ಹಳ್ಳಿಯಿಂದ ಬರುವ ಮಕ್ಕಳು ಕಂಪ್ಯೂಟರಿಗೆ ಹೆದರುತ್ತಾರೆ. ಹಾಳಾದರೆ ಕಟ್ಟಿಕೊಡಬೇಕಾದೀತು ಎಂಬ ಮಾತನ್ನು ಅವರು ಮನೆಯಿಂದಲೇ ಕೇಳಿ ಬಂದಿರುತ್ತಾರೆ. ಬೆರಳು ಕೀಲಿಯ ಮೇಲೆ ಇಳಿಯುವುದೇ ಇಲ್ಲ. ಈಗ ಎಂಟನೆಯ ತರಗತಿಯವರಿಗೆ ಮೊದಲ ದಿನವೇ ಸಿಸ್ಟಮ್ ಫೈಲುಗಳನ್ನು ಬೇಕೆಂದೇ ಅಳಿಸಲು ಹೇಳುತ್ತೇನೆ. ಯಂತ್ರ ಕಣ್ಣೆದುರೇ ಕುಸಿಯುತ್ತದೆ. ಹಿಂದಿನ ಸ್ನ್ಯಾಪ್‌ಶಾಟಿಗೆ ಅಂದರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ ಮರಳಿಸಿದರೆ ಮತ್ತೆ ನಗುತ್ತಾ ಎದ್ದು ನಿಲ್ಲುತ್ತದೆ. ಆ ಕ್ಷಣದಿಂದ ಅವರ ಕೈ ಬೇರೆಯೇ. ನಮ್ಮ ಒಂದು ಪೀರಿಯಡ್ 40 ನಿಮಿಷ. ಶಾಸ್ತ್ರದ ಒಂದು ಮುಹೂರ್ತ 48 ನಿಮಿಷ. ಅಂತರ್ಮುಹೂರ್ತದಲ್ಲಿ, ಅಂದರೆ ಒಂದು ಮುಹೂರ್ತ ತುಂಬುವುದರೊಳಗೆ, ಕಟ್ಟಿ, ಅದರೊಳಗೇ ಕಳಚುವ ತಪ್ಪುಗಳು ಅವು. ಅಂಥ ತಪ್ಪು ಮಗುವಿಗೆ ಹೇರಳವಾಗಿ ಸಿಗಬೇಕು. ಬಡ ಶಾಲೆಯಲ್ಲಿ ತಪ್ಪು ಮಾಡುವ ಅವಕಾಶವೇ ಎಲ್ಲಕ್ಕಿಂತ ದುಬಾರಿ ವಸ್ತು. ವರ್ಚುವಲ್ ಮಷೀನು ಅದನ್ನು ಹಣವಿಲ್ಲದೆ ಒದಗಿಸಿದೆ.

ಇನ್ನೊಂದು ಬಗೆಯ ತಪ್ಪೂ ನಡೆಯಿತು. ಹತ್ತನೆಯ ತರಗತಿಯ ಹುಡುಗನೊಬ್ಬ ಸಹಪಾಠಿಯೊಬ್ಬಳ ಮೈಬಣ್ಣದ ಬಗ್ಗೆ ನಾಲ್ಕು ಸಾಲು ಬರೆದು, ಅವಳು ಕೂರುವ ಯಂತ್ರದ ಪರದೆಯ ಹಿನ್ನೆಲೆಯಾಗಿ ಇಟ್ಟು ಹೋದ. ಅವಳು ಓದಿದಳು, ಅಕ್ಕಪಕ್ಕದವರೂ ಓದಿದರು. ಸಂಜೆ ಯಂತ್ರಗಳು ಮುಚ್ಚಿದವು, ಬದಲಾವಣೆಯ ಫೈಲುಗಳು ತಾವಾಗಿಯೇ ಹೋದವು. ಮರುದಿನ ವಿಚಾರಿಸಿದಾಗ ಹುಡುಗ ಹೇಳಿದ್ದು: "ಎಲ್ಲಿದೆ ಟೀಚರ್, ತೋರಿಸಿ." ಪರದೆ ಶುದ್ಧವಾಗಿತ್ತು. ಹುಡುಗಿ ಆ ವಾರವಿಡೀ ಲ್ಯಾಬಿಗೆ ಬರಲಿಲ್ಲ.

ಡಿಸ್ಕಿನಲ್ಲಿ ಇಲ್ಲದ್ದು ಎಲ್ಲಿದೆ? ನಮ್ಮ ಶಾಸ್ತ್ರದ ಉತ್ತರ ಬಹಳ ನಿಖರ. ಮನಸ್ಸು, ಮಾತು, ಕಾಯಗಳ ಚಲನೆಯಿಂದ ಕರ್ಮ ಬರುತ್ತದೆ; ಎಷ್ಟು ಬಂತು, ಯಾವ ಬಗೆಯದು ಎಂಬುದು ಆ ಚಲನೆಯಿಂದ ನಿರ್ಧಾರ. ಅದು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬುದು ಕಷಾಯದಿಂದ, ಅಂದರೆ ಕ್ರೋಧ, ಮಾನ, ಮಾಯೆ, ಲೋಭಗಳಿಂದ. ಎಣ್ಣೆ ಹಚ್ಚಿದ ಮೈಗೆ ಧೂಳು ಅಂಟುತ್ತದೆ, ಒಣ ಮೈಯಿಂದ ಜಾರುತ್ತದೆ ಎಂದು ಹಿರಿಯರು ಕೊಡುವ ಹೋಲಿಕೆ ಇದಕ್ಕೇ. ಸಿಸ್ಟಮ್ ಫೈಲು ಅಳಿಸಿದ ಎಂಟನೆಯ ತರಗತಿಯ ಮಗುವಿನಲ್ಲಿ ಇದ್ದದ್ದು ಕುತೂಹಲ. ನಾಲ್ಕು ಸಾಲು ಬರೆದವನಲ್ಲಿ ಮಾನವಿತ್ತು, ಮಾಯೆಯೂ ಇತ್ತು. ಯಂತ್ರಕ್ಕೆ ಇವೆರಡೂ ಒಂದೇ ಬಗೆಯ ಬದಲಾವಣೆಗಳು. ಎರಡನ್ನೂ ಅದು ಒಂದೇ ಸಮನಾಗಿ ಎಸೆಯಿತು. ಬಂಧವಾದದ್ದು ಡಿಸ್ಕಿನಲ್ಲಲ್ಲ, ಬರೆದವನಲ್ಲಿ. ನೋವು ಉಳಿದದ್ದು ಓದಿದವಳಲ್ಲಿ. ಒಳಗಿನ ಯಂತ್ರದಿಂದ ಹೊರಟ ಇ-ಮೇಲ್ ಅನ್ನು ಯಾವ ಸ್ನ್ಯಾಪ್‌ಶಾಟೂ ಹಿಂದೆ ತರಲಾರದು. ಮಾತಿನ ವಿಷಯದಲ್ಲಿಯೂ ಹಾಗೆಯೇ.

ಅಂದಿನಿಂದ ತಾನಾಗಿ ಅಳಿಸಿಹೋಗುವ ವ್ಯವಸ್ಥೆಯನ್ನು ತೆಗೆದುಹಾಕಿದೆ. ಈಗ ಪೀರಿಯಡ್ಡಿನ ಕೊನೆಗೆ ಮಗು ತಾನೇ ಸ್ನ್ಯಾಪ್‌ಶಾಟಿಗೆ ಮರಳಿಸಬೇಕು. ಅದಕ್ಕೆ ಮುಂಚೆ ಒಂದು ಪುಸ್ತಕದಲ್ಲಿ ಎರಡು ಸಾಲು: ಏನು ಮಾಡಿದೆ, ಏನು ಕೆಡಿಸಿದೆ. ತಾನು ಮಾಡಿದ ಒಳ್ಳೆಯ ಕೆಲಸವನ್ನು ತನ್ನ ಹೆಸರಿನ ಹಂಚಿಕೆಯ ಫೋಲ್ಡರಿನಲ್ಲಿ ಇಡಬೇಕು. ಅದು ಒಳಗಿನ ಯಂತ್ರಕ್ಕೆ ಸೇರಿದ್ದಲ್ಲವಾದ್ದರಿಂದ ಉಳಿಯುತ್ತದೆ. ಸಹೋದ್ಯೋಗಿಗಳು ಇದನ್ನು ಸಮಯ ದಂಡ ಎಂದರು. ನಾನು ಹಾಗೆ ನೋಡುವುದಿಲ್ಲ. ತತ್ತ್ವಾರ್ಥಸೂತ್ರ ಎಣಿಸುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಗುರುವಿನ ಮುಂದೆ ದೋಷವನ್ನು ಮುಚ್ಚಿಡದೆ ಹೇಳುವುದು. ಪ್ರತಿಕ್ರಮಣ, ಅಂದರೆ ದೋಷದಿಂದ ಹಿಂತಿರುಗುವುದು, ಬರುವುದು ಅದರ ನಂತರ. ಈ ಕ್ರಮದಲ್ಲಿ ಅರ್ಥವಿದೆ. ಮಾಡಿದ್ದನ್ನು ನೋಡದೆ ಅದರಿಂದ ಹಿಂತಿರುಗಲು ಬರುವುದಿಲ್ಲ. ಕಾಲ ಬಂದಾಗ ತಾನಾಗಿ ಉದುರುವ ಕರ್ಮವೂ ನಿರ್ಜರೆಯೇ, ಸವಿಪಾಕ ನಿರ್ಜರೆ. ಆದರೆ ಅದರಿಂದ ಯಾರೂ ಮೇಲೆ ಏರಿದ್ದಿಲ್ಲ, ಏಕೆಂದರೆ ಒಂದು ಉದುರುವಾಗ ಇನ್ನೊಂದು ಕಟ್ಟುತ್ತಿರುತ್ತದೆ.

ಮಕ್ಕಳ ಪುಸ್ತಕ ಓದುತ್ತಾ ಹೋದಾಗ ಶಿವಾರ್ಯರ ಭಗವತೀ ಆರಾಧನೆ ನೆನಪಾಯಿತು. ವಡ್ಡಾರಾಧನೆಯ ಕಥೆಗಳ ಬೇರು ಅದರಲ್ಲಿದೆ ಎಂಬುದು ಕನ್ನಡ ಓದಿದವರಿಗೆ ಗೊತ್ತು. ಆಲೋಚನೆಯಲ್ಲಿ ಬರುವ ಹತ್ತು ದೋಷಗಳನ್ನು ಅಲ್ಲಿ ಹೇಳಿದೆ. ಇತರರು ಕಂಡದ್ದನ್ನು ಮಾತ್ರ ಹೇಳುವುದು ಒಂದು. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು, ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು. ಗದ್ದಲದ ನಡುವೆ, ಗುರುವಿಗೆ ಕೇಳಿಸದಂತೆ ಹೇಳುವುದು. ಮುನಿಗಳಿಗಾಗಿ ಮಾಡಿದ ಪಟ್ಟಿ ಅದು, ಆದರೆ ಒಂಬತ್ತನೆಯ ತರಗತಿಯ ಪುಸ್ತಕಗಳಲ್ಲಿ ಅದರ ಒಂದೊಂದು ಸಾಲೂ ಸಿಗುತ್ತದೆ. ನಾನು ಹತ್ತಿರ ನಿಂತು ನೋಡಿದ ತಪ್ಪು ಮಾತ್ರ ಬರೆಯುವವರಿದ್ದಾರೆ. "ಕೀಬೋರ್ಡಿಗೆ ಧೂಳು ಬಿತ್ತು" ಎಂದು ಬರೆದು, ಪಕ್ಕದವನ ಪ್ರೋಗ್ರಾಂ ನಕಲು ಮಾಡಿದ್ದನ್ನು ಬಿಡುವವರಿದ್ದಾರೆ. ನಾನು ತಿದ್ದುವುದಿಲ್ಲ. ಓದಿದ್ದೇನೆ ಎಂದು ಒಂದು ಗೆರೆ ಎಳೆಯುತ್ತೇನೆ. ಕೆಲವರು ಮುಂದಿನ ವಾರ ಬಿಟ್ಟದ್ದನ್ನು ಸೇರಿಸುತ್ತಾರೆ.

ಪ್ರತಿ ಮಗುವಿನ ಪರದೆಯನ್ನೂ ಪೂರ್ತಿಯಾಗಿ ರೆಕಾರ್ಡ್ ಮಾಡಿ ಇಡಿ, ಯಾರೂ ಏನನ್ನೂ ಅಲ್ಲಗಳೆಯಲು ಆಗದು ಎಂಬ ಸಲಹೆ ಬಂತು. ತಾಂತ್ರಿಕವಾಗಿ ಕಷ್ಟವೇನಲ್ಲ. ನಾನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಇನ್ನೊಬ್ಬರು ಹಿಡಿದು ತೋರಿಸಿದ ದೋಷ ಆಲೋಚನೆಯಲ್ಲ, ಅದು ಸಾಕ್ಷ್ಯ. ಸಾಕ್ಷ್ಯದಿಂದ ಶಿಕ್ಷೆ ಆಗಬಹುದು, ಕಷಾಯ ಕಡಿಮೆಯಾಗದು. ಸಿಕ್ಕಿಬಿದ್ದವನಲ್ಲಿ ಅದು ಹೆಚ್ಚಾದದ್ದನ್ನೇ ನಾನು ಕಂಡಿರುವುದು.

ನಿಜವಾಗಿ ಗಟ್ಟಿಯಾದ ಆಕ್ಷೇಪ ಬಂದದ್ದು ನಮ್ಮ ಸಂಸ್ಕೃತದ ಮೇಷ್ಟ್ರಿಂದ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಪ್ರತಿಕ್ರಮಣವನ್ನೇ ವಿಷದ ಕುಂಭ ಎಂದಿದ್ದಾರಲ್ಲ, ದೋಷ ಎಣಿಸುತ್ತಾ ಕೂತ ಮಗು ತಾನೇ ದೋಷಿ ಎಂದು ನಂಬಿಬಿಡುವುದಿಲ್ಲವೇ ಎಂದರು. ಈ ಮಾತು ನನ್ನನ್ನು ಬಹಳ ಕಾಡಿತು. ಸಮಯಸಾರಕ್ಕೆ ಅಮೃತಚಂದ್ರರು ಬರೆದ ಟೀಕೆಗೆ ಹೋದೆ. ಅಜಾಗರೂಕನು ಪ್ರತಿಕ್ರಮಣ ಮಾಡದಿರುವುದು ವಿಷವೇ. ಆಚಾರ್ಯರು ಅಮೃತ ಎಂದದ್ದು ಮಾಡುವುದು, ಮಾಡದಿರುವುದು ಎರಡನ್ನೂ ದಾಟಿದ ಮೂರನೆಯ ನೆಲೆಯನ್ನು, ಕೆಳಗೆ ಜಾರಲು ಕೊಟ್ಟ ಅನುಮತಿಯನ್ನಲ್ಲ ಎಂದು ಅವರು ಬಿಡಿಸಿ ಹೇಳುತ್ತಾರೆ. ಸಂಜೆ ತಾನಾಗಿ ಅಳಿಯುವ ಲ್ಯಾಬು ಮಗುವನ್ನು ಆ ಮೊದಲನೆಯ ನೆಲೆಯಲ್ಲೇ, ಅಜಾಗರೂಕನ ನೆಲೆಯಲ್ಲೇ, ಬಿಟ್ಟುಬಿಡುತ್ತದೆ. ಆದರೂ ಮೇಷ್ಟ್ರ ಭಯ ಸುಳ್ಳಲ್ಲ. ಅದಕ್ಕಾಗಿಯೇ ಪುಸ್ತಕಕ್ಕೆ ಅಂಕವಿಲ್ಲ, ಪಾಲಕರ ಸಭೆಯಲ್ಲಿ ಅದನ್ನು ತೆರೆಯುವುದಿಲ್ಲ, ನಾನು ನಕಲು ಇಟ್ಟುಕೊಳ್ಳುವುದಿಲ್ಲ. ಮಾರ್ಚಿನಲ್ಲಿ ಅದನ್ನು ಮಗುವಿನ ಕೈಗೇ ಕೊಡುತ್ತೇನೆ. ಆ ಹುಡುಗ ತನ್ನ ಪುಸ್ತಕದಲ್ಲಿ ಹುಡುಗಿಯ ವಿಷಯ ಬರೆದನೋ ಇಲ್ಲವೋ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅದು ಅವನು ಹೇಳಬೇಕಾದ ಮಾತು.