ಇಂದಿನ ಧಮ್ಮ ಚಿಂತನೆ: ಹೆಗಲ ಮೇಲಿನ ಭಾರ





ನಮ್ಮ ನರಸಿಂಹರಾಜಪುರದ ಕಡೆ ಮಳೆ ಹಿಡಿಯಿತೆಂದರೆ ಅಣಬೆಗಳ ಕಾಲ. ಹುತ್ತದ ಮೇಲೆ, ಕೊಳೆತ ಮರದ ಮೇಲೆ, ತೋಟದ ತರಗೆಲೆಗಳ ನಡುವೆ ರಾತ್ರಿ ಬೆಳಗಾಗುವುದರಲ್ಲಿ ಏಳುತ್ತವೆ. ಎಷ್ಟೋ ಅಣಬೆಗಳ ಬಾಳು ಒಂದೆರಡು ದಿನ ಮಾತ್ರ. ಅವುಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ.

ಮೊದಲ ವರ್ಷ ಕ್ಯಾಮೆರಾ, ಮೂರು ಲೆನ್ಸ್, ಫ್ಲ್ಯಾಶ್, ದೊಡ್ಡ ಟ್ರೈಪಾಡ್ ಎಲ್ಲವನ್ನೂ ಹೊತ್ತು ಹೋದೆ. ಒಂದು ಏರು ಹತ್ತುವಷ್ಟರಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕಾಲಿಗೆ ಇಂಬಳ ಹತ್ತಿದರೂ ಬಗ್ಗಲು ಬೇಸರ. ಅಣಬೆ ಇರುವುದು ನೆಲದಲ್ಲಿ. ಬಗ್ಗದವನಿಗೆ ಅದು ಕಾಣುವುದಿಲ್ಲ.

ಮರುವರ್ಷ ಎಲ್ಲ ಬಿಟ್ಟು ಮೊಬೈಲ್ ಒಂದನ್ನೇ ಹಿಡಿದು ಹೋದೆ. ಬಹಳ ದೂರ ನಡೆದೆ, ಬಹಳ ಅಣಬೆ ಕಂಡೆ. ಆದರೆ ಮೋಡ ಕವಿದ ಕಾಡಿನಲ್ಲಿ ಬೆಳಕು ಕಡಿಮೆ. ಚಿತ್ರ ಮೂಡಲು ಅರ್ಧ ಸೆಕೆಂಡಾದರೂ ಬೇಕು, ಕೈ ಅಷ್ಟು ಹೊತ್ತು ಅಲುಗದೆ ನಿಲ್ಲದು. ಮನೆಗೆ ಬಂದು ನೋಡಿದರೆ ಮುಕ್ಕಾಲು ಪಾಲು ಮಸುಕು.

ಈಗ ನನ್ನ ಚೀಲದಲ್ಲಿ ಇಷ್ಟೇ: ಕ್ಯಾಮೆರಾ, ಒಂದು ಮ್ಯಾಕ್ರೋ ಲೆನ್ಸ್, ಅಕ್ಕಿ ತುಂಬಿದ ಸಣ್ಣ ಬಟ್ಟೆಗಂಟು, ಪುಟ್ಟ ಕನ್ನಡಿ, ಮಳೆಗೊಂದು ಪ್ಲಾಸ್ಟಿಕ್ ಕವರ್. ಅಕ್ಕಿ ಗಂಟಿನ ಮೇಲೆ ಕ್ಯಾಮೆರಾ ಕೂರಿಸಿ ಎರಡು ಸೆಕೆಂಡಿನ ಟೈಮರ್ ಇಟ್ಟರೆ ಟ್ರೈಪಾಡ್ ಬೇಡ. ಕನ್ನಡಿಯನ್ನು ಅಣಬೆಯ ಕೊಡೆಯ ಕೆಳಗೆ ಹಿಡಿದರೆ ಅಡಿಯ ಪದರಗಳು ಕಾಣುತ್ತವೆ, ಅದನ್ನು ಕೀಳಬೇಕಿಲ್ಲ.

ಭಿಕ್ಕುವಿಗೆ ಎಂಟು ಪರಿಕರಗಳಿವೆ: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಕೊನೆಯದನ್ನು ಗಮನಿಸಿ. ನೀರಿನ ಸಣ್ಣ ಜೀವಿಗಳು ಸಾಯಬಾರದೆಂದು ಅದು. ಅಷ್ಟು ಹಗುರಾದ ಬದುಕಿನಲ್ಲೂ ಬೇರೆ ಜೀವಿಗಾಗಿ ಹೊರುವ ಒಂದು ವಸ್ತುವಿಗೆ ಜಾಗವಿತ್ತು. ನನ್ನ ಕನ್ನಡಿಯೂ ಹಾಗೆಯೇ ಎಂದುಕೊಂಡೆ.

ಇದನ್ನೆಲ್ಲ ಹೆಮ್ಮೆಯಿಂದ ಅವ್ವನಿಗೆ ಹೇಳಿ, "ಭಾರ ಬಿಟ್ಟರೇ ಸುಖ ನೋಡವ್ವಾ" ಎಂದೆ. ಅವ್ವ ನಕ್ಕಳು. "ನಿಮ್ಮಪ್ಪ ಎಸ್ಟೇಟಲ್ಲಿ ಮೂಟೆ ಹೊರುವಾಗ ಬಿಡ್ತೀನಿ ಅಂದ್ರೆ ಕೇಳೋರು ಯಾರಿದ್ರೋ ಮಗಾ? ನಿಂಗೆ ಬಿಡೋಕೆ ಒಂದು ಬ್ಯಾಗಾದ್ರೂ ಇದೆ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಬಾಬಾಸಾಹೇಬರ ನೆನಪಾಯಿತು. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ ಅವರು, ಧರ್ಮವು ಬಡತನವನ್ನು ಪವಿತ್ರಗೊಳಿಸಬಾರದು ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಇದ್ದವನು ತಾನಾಗಿ ಬಿಟ್ಟರೆ ಅದು ತ್ಯಾಗ. ಇಲ್ಲದವನಿಗೆ "ಹಗುರಾಗಿರು" ಎಂದು ಬೋಧಿಸಿದರೆ ಅದು ಮೋಸ. ನಮ್ಮ ಹಿರಿಯರು ಬರಿಗೈಯಲ್ಲಿ ಬದುಕಿದ್ದು ವೈರಾಗ್ಯದಿಂದಲ್ಲ.

ಆದ್ದರಿಂದ ಮಧ್ಯಮ ಮಾರ್ಗವೆಂದರೆ ಭಾರವನ್ನು ತೂಗಿ ಅರ್ಧ ಮಾಡುವುದಲ್ಲ. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು ಕೇಳುವುದು: ಇದು ಕಾಣಲು ನೆರವಾಗುತ್ತದೆಯೋ, ಬಗ್ಗಲು ಅಡ್ಡವಾಗುತ್ತದೆಯೋ? ಬೇಕಾದ್ದನ್ನು ನಾಚದೆ ಪಡೆಯೋಣ. ನಮ್ಮ ಮಕ್ಕಳಿಗೆ ಪುಸ್ತಕ, ಕ್ಯಾಮೆರಾ, ಕಂಪ್ಯೂಟರ್ ಎಲ್ಲವೂ ಸಿಗಲಿ. ಮೆರೆಯಲಿಕ್ಕೆ ಹೊತ್ತದ್ದನ್ನು ಮಾತ್ರ ಇಳಿಸೋಣ.

ಇಂದಿನ ಪ್ರಶ್ನೆ: ನನ್ನ ಹೆಗಲ ಮೇಲಿರುವುದರಲ್ಲಿ ನಾನು ಆರಿಸಿಕೊಂಡದ್ದು ಯಾವುದು, ಇತರರು ಹೊರಿಸಿದ್ದು ಯಾವುದು?

ಭವತು ಸಬ್ಬ ಮಂಗಲಂ. ಜೈ ಭೀಮ್.