ಜಾಲಿಗಿಡದ ಕೆಳಗಿನ ನಿದ್ರೆ

ಒಂದನೇ ಅರಸುಗಳು 19ನೇ ಅಧ್ಯಾಯ ತೆಗೀರಿ.

ಈಜೆಬೆಲಳಿಗೆ ಹೆದರಿ ಓಡಿಬಂದ ಎಲೀಯ ಜಾಲಿಗಿಡದ ಕೆಳಗೆ ಕೂತು ಸಾವು ಬೇಡಿದ. ದೇವರು ಗದರಿಸಲಿಲ್ಲ, ಮಲಗಲು ಬಿಟ್ಟರು. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಹೋರೇಬಿನಲ್ಲಿ ದೇವರ ಸ್ವರ ಕೇಳಿದ್ದು ಅದಾದ ಮೇಲೆ.

ನಮ್ಮ ಯೌವನಸ್ಥರು ನನ್ನ ಹತ್ತಿರ ಬಂದು, "ಪಾಸ್ಟರ್ರ, ನಿದ್ದಿ ಹತ್ತವಲ್ದ್ರಿ, ನನ್ನ ವಿಶ್ವಾಸ ಕಮ್ಮಿ ಆತೇನ್ರಿ?" ಅಂತ ಕೇಳ್ತಾರೆ. ಇಲ್ಲ, ಪ್ರಿಯರೇ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ರಾತ್ರಿ ಪಾಳಿ ಮಾಡುವವರಿದ್ದೀರಿ. ಮುಧೋಳ, ಜಮಖಂಡಿ, ಬೀಳಗಿಯಲ್ಲಿ ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸುವವರಿದ್ದೀರಿ. ಉಳಿದವರ ಕೈಯಲ್ಲಿ ಮೊಬೈಲ್!

ಮಿದುಳಿನಲ್ಲಿ ಸುಮಾರು 24 ತಾಸಿನ ಗಡಿಯಾರ ಇಟ್ಟವನು ಸೃಷ್ಟಿಕರ್ತನೇ. ಕತ್ತಲಾದರೆ ನಿದ್ದೆ ಕರೆಯುವ ಮೆಲಟೋನಿನ್ ಹೆಚ್ಚುತ್ತದೆ, ಬೆಳಕು ಅದನ್ನು ತಡೆಯುತ್ತದೆ. ನಿದ್ರೆ ಸೋಮಾರಿತನ ಅಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ಆಗಲೇ. 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಓಡಾಡುವ ಹೊತ್ತಿಗೂ ಕನಸಿಗೂ ಸಂಬಂಧ ಇದೆ ಎಂದು ತೋರಿಸಿದರು. ರಾತ್ರಿಗೆ ನಾಲ್ಕೈದು ಸಾರಿ ಹೀಗಾಗುತ್ತದೆ. ಹಾಗಾಗಿ ಪ್ರತಿ ಕೆಟ್ಟ ಕನಸನ್ನೂ ಸೈತಾನನ ದಾಳಿ ಅನ್ನಬೇಡಿ.

ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ಚಿಂತೆಯೂ ಬೆಟ್ಟ. ಪ್ರಾರ್ಥನೆ ಮಾಡೋಣ. ವಾರಗಟ್ಟಲೆ ನಿದ್ದೆ ಬರದಿದ್ದರೆ ಡಾಕ್ಟರ್ ಹತ್ತಿರವೂ ಹೋಗೋಣ, ನಾನು ಜೊತೆಗೆ ಬರ್ತೀನಿ. ಎಲೀಯನ ಹಾಗೆ ಸಾಯಬೇಕು ಅನಿಸಿದರೆ ಮುಚ್ಚಿಡಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಅದು ಉಚಿತ. ದೇವರು ಸಹಾಯವನ್ನು ಹೀಗೂ ಕಳಿಸುತ್ತಾರೆ.

ಇವತ್ತು ಮೊಬೈಲ್ ಆಚೆ ಇಟ್ಟು, ಭಾರವನ್ನು ಕರ್ತನಿಗೆ ಒಪ್ಪಿಸಿ ಮಲಗಿ. ಆಮೆನ್.