ಸತ್ಯದ ಬೆಲೆ ಕಟ್ಟುವವರು ಯಾರು?

ಕೊಡಗಿನ ಕಾಲೇಜು ಹುಡುಗರ ಜೊತೆ ಕೂತು ಬೈಬಲ್ ಓದುವ ನಮ್ಮನ್ನು ಅವರು ಕೇಳುವುದು ದೇವರಿದ್ದಾನೋ ಇಲ್ಲವೋ ಅಂತಲ್ಲ. ‘ಅಣ್ಣಾ, ಸ್ಕಾಲರ್‌ಶಿಪ್ ಅರ್ಜೀಲಿ ಧರ್ಮ ಅನ್ನೋ ಕಡೆ ಏನು ಬರೀಲಿ?’ ಅಂತ. ಇವರು ಕಾಫಿ ತೋಟದ ಲೈನ್‌ಮನೆಗಳಿಂದ ಬಂದ ದಲಿತ ಮಕ್ಕಳು. ಭಾನುವಾರ ಚರ್ಚು, ಅರ್ಜಿಯಲ್ಲಿ ಹಿಂದೂ. ಇದನ್ನು ಸುಳ್ಳು ಅನ್ನೋಣವೇ?

ಮೊದಲು ಚರಿತ್ರೆ ನೋಡೋಣ. 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದರು. ಬೇರೆಯವರ ಗದ್ದೆಯಲ್ಲಿ ತಲೆತಲಾಂತರ ಜೀತ ಮಾಡಿದ ಹೊಲೆಯರು ದೀಕ್ಷಾಸ್ನಾನ ಪಡೆದರು. ಅವರಿಗಾಗಿ ಆನಂದಪುರ ಎಂಬ ಊರು ಎದ್ದಿತು. ತಲೆ ಮೇಲೆ ನೀರು ಬಿತ್ತು, ಹೆಸರು ಬದಲಾಯ್ತು. ಜಾತಿ ತೊಳೆದುಹೋಯ್ತೇ? ಇವತ್ತಿಗೂ ಮದುವೆ ಮಾತು ಬಂದರೆ ನಮ್ಮ ಸಭೆಗಳ ಒಳಗೇ ‘ನೀವು ಯಾವ ಜನ?’ ಅಂತಾರೆ.

ಸರ್ಕಾರದ ಕಾಗದ ಮಾತ್ರ ತೊಳೆದುಹೋಯ್ತು ಅನ್ನುತ್ತೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತ ದಲಿತರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ ದಲಿತರಿಗೆ, 1990ರಲ್ಲಿ ಬೌದ್ಧ ದಲಿತರಿಗೆ ಬಾಗಿಲು ತೆರೆಯಿತು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಧರ್ಮದ ಈ ಬೇಲಿ ಕೀಳಿ ಅಂದಿತು; ಕೀಳಲಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ನಂಬಿಕೆಯಲ್ಲಿದ್ದು ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು.

ಸುಳ್ಳುಸಾಕ್ಷಿ ಕೂಡದೆಂದು ಮೋಶೆಯ ಆಜ್ಞೆಯೂ ಇದೆ. ಅದು ನೆರೆಯವನಿಗೆ ಕೇಡಾಗದಿರಲೆಂದು ಬಂದ ಆಜ್ಞೆ. ಇಲ್ಲಿ ನೆರೆಯವರು ಯಾರು? ಇರೋ ಒಂದು ರೊಟ್ಟಿಯಲ್ಲೂ ಪಾಲು ಹೋಗುತ್ತಲ್ಲಾ ಅಂತ ಹೆದರುವ ನಮ್ಮದೇ ಕೇರಿಯ ಹಿಂದೂ ಅಣ್ಣತಮ್ಮಂದಿರು. ಅವರ ಹೆದರಿಕೆ ನ್ಯಾಯವಾದದ್ದೇ. ಅದಕ್ಕೇ ‘ಸುಳ್ಳು ಬರಿ’ ಅಂತ ನಾವು ಹೇಳಲಾರೆವು. ‘ನಿಜ ಬರಿ, ದೇವರು ನೋಡ್ಕೋತಾನೆ’ ಅನ್ನೋದಕ್ಕೂ ನಮಗೆ ಬಾಯಿ ಬರಲ್ಲ. ನಿಜ ಬರೆದರೆ ಕಳಕೊಳ್ಳುವವನು ಹುಡುಗ. ಉಪದೇಶಿಯ ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗಲ್ಲ.

ಸತ್ಯಕ್ಕೆ ಬೆಲೆ ಇದೆ, ಗೆಳೆಯರೇ. ಆ ಬೆಲೆಯನ್ನು ಹಸಿದವನಿಂದಲೇ ವಸೂಲಿ ಮಾಡೋದು ಯಾವ ನೀತಿ? ನಿಜ ಹೇಳು ಅನ್ನುವ ಸಭೆ ಆ ಹುಡುಗನ ಫೀಸು ಕಟ್ಟಲಿ, ಹಾಸ್ಟೆಲ್ಲಿನ ಊಟಕ್ಕೆ ಕೊಡಲಿ. ಡಿಗ್ರಿ ಕೈಗೆ ಬಂದ ನಾವು ‘ಹೊಲೆಯರೂ ನಾವೇ, ಕ್ರೈಸ್ತರೂ ನಾವೇ’ ಅಂತ ಮೊದಲು ಬೀದಿಯಲ್ಲಿ ನಿಂತು ಹೇಳೋಣ. ಹಿಂದೂ, ಬೌದ್ಧ, ಕ್ರೈಸ್ತ ದಲಿತರೆಲ್ಲ ಒಟ್ಟಿಗೆ ಕೂತು, ಯಾರ ತಟ್ಟೆಗೂ ಕೈ ಹಾಕದೆ ಪಾಲು ಹೆಚ್ಚಿಸಿ ಅಂತ ಕೇಳೋಣ.

ಇಷ್ಟು ಮಾಡಿದ ಮೇಲೆ ಹುಡುಗರಿಗೆ ನೀತಿಪಾಠ ಹೇಳೋಣ.